ಶೆಡ್ಡಿನೊಳಗಿನ ಕೆಲಸ ಹೊರಗೆ ಕಾಣಲಿ

ಪೀಣ್ಯ, ಅಬ್ಬಿಗೆರೆ, ಕಾಮಾಕ್ಷಿಪಾಳ್ಯ, ಬೊಮ್ಮಸಂದ್ರ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ, ಶಿವಮೊಗ್ಗದ ಮಾಚೇನಹಳ್ಳಿ – ಎಲ್ಲೆಲ್ಲಿ ಎರಡು ಲೇತು, ಒಂದು ಮಿಲ್ಲಿಂಗ್ ಮಶೀನು ಹಾಕಿಕೊಂಡು ಜಾಬ್ ವರ್ಕ್ ಮಾಡುತ್ತಿದ್ದೀರೋ, ಆ ಎಲ್ಲ ಸಣ್ಣ ವರ್ಕ್‌ಶಾಪ್ ಮಾಲೀಕರಿಗೆ,



ನನ್ನ ನೌಕರಿಯ ಬಹುಭಾಗ ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕಳೆಯಿತು. ನಿಮ್ಮ ಕೊಟೇಶನ್‌ಗಳನ್ನು ಓದಿದ್ದೇನೆ, ರೇಟಿಗಾಗಿ ನಿಮ್ಮೊಡನೆ ಚೌಕಾಸಿ ಮಾಡಿದ್ದೇನೆ, ಬಿಲ್ಲಿಗಾಗಿ ನೀವು ಅಕೌಂಟ್ಸ್ ವಿಭಾಗದ ಬಾಗಿಲಲ್ಲಿ ಕಾಯುವುದನ್ನು ಕಂಡಿದ್ದೇನೆ. ನಿವೃತ್ತಿಯ ನಂತರವೂ ನಿಮ್ಮಲ್ಲಿ ಅನೇಕರ ಒಡನಾಟ ಉಳಿದಿದೆ. ನಿಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಾನೂ ಇದ್ದೇನೆ. ಈ ಪತ್ರ ಬರೆಯಲು ಆ ಗುಂಪುಗಳೇ ಕಾರಣ.

ಬೆಳಿಗ್ಗೆ ಗುಂಪು ತೆರೆದರೆ ಶುಭೋದಯದ ಹೂವಿನ ಚಿತ್ರಗಳು, ಹಬ್ಬದ ಶುಭಾಶಯಗಳು, ಯಾವುದೋ ಸುದ್ದಿಯ ವಿಡಿಯೊ. ಇವುಗಳ ಮಧ್ಯೆ ಯಾರೋ ಒಬ್ಬರು, ‘ಗನ್ ಡ್ರಿಲ್ಲಿಂಗ್ ಯಾರಲ್ಲಿದೆ? ಅರ್ಜೆಂಟ್’ ಎಂದು ಕೇಳಿರುತ್ತಾರೆ. ಆ ಸಂದೇಶದ ಮೇಲೆ ಇನ್ನಿಪ್ಪತ್ತು ಹೂಗಳು ಬಂದು ಬೀಳುತ್ತವೆ. ಮಧ್ಯಾಹ್ನದ ಹೊತ್ತಿಗೆ ಕೇಳಿದವರು ತಮ್ಮ ಬ್ಲಾಕನ್ನು ಕೊಯಮತ್ತೂರಿಗೋ ಪುಣೆಗೋ ಕಳಿಸುವ ಯೋಚನೆಯಲ್ಲಿರುತ್ತಾರೆ. ಗನ್ ಡ್ರಿಲ್ ಇಟ್ಟುಕೊಂಡವರು ಅದೇ ಗುಂಪಿನಲ್ಲಿ, ಎರಡು ರಸ್ತೆ ಆಚೆ, ಕೆಲಸವಿಲ್ಲದೆ ಕೂತಿರುತ್ತಾರೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈಗ 1,024 ಜನ ಇರಬಹುದು. ಇಷ್ಟು ಮಂದಿ ಒಂದೇ ಕಡೆ ಸೇರಿಯೂ ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲ ಎನ್ನುವುದು ನನಗೆ ನಿಜವಾಗಿ ನೋವು ಕೊಡುವ ವಿಷಯ.

ಹಿಂದೆ ಹೀಗಿರಲಿಲ್ಲ. ಬೆಂಗಳೂರಿನ ಸಣ್ಣ ಕೈಗಾರಿಕೆ ಬೆಳೆದದ್ದೇ ಪರಿಚಯದ ಬಲದ ಮೇಲೆ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಜಾಲಹಳ್ಳಿಯ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಆ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗಿ ಕೈ ಪಳಗಿಸಿಕೊಂಡವರಲ್ಲಿ ಎಷ್ಟೋ ಮಂದಿ ಮುಂದೆ ನೌಕರಿ ಬಿಟ್ಟು, ಸಾಲ ಮಾಡಿ, ಸೆಕೆಂಡ್ ಹ್ಯಾಂಡ್ ಲೇತು ತಂದು ಬಾಡಿಗೆ ಶೆಡ್ಡಿನಲ್ಲಿ ಕೂರಿಸಿದರು. ಜೊತೆಯಲ್ಲಿ ತರಬೇತಿ ಪಡೆದ ಗೆಳೆಯ ಕಾರ್ಖಾನೆಯೊಳಗೇ ಉಳಿದು ಮುಂದೆ ಖರೀದಿಗೋ ಟೂಲ್ ರೂಮಿಗೋ ಮುಖ್ಯಸ್ಥನಾದ. ಅವನಿಗೆ ಇವನ ಕೈ ಗೊತ್ತಿತ್ತು. ಬೋರಿಂಗ್‌ಗೆ ಯಾರು, ಗೇರ್ ಕಟಿಂಗ್‌ಗೆ ಯಾರು, ಸರ್ಫೇಸ್ ಗ್ರೈಂಡಿಂಗ್‌ನಲ್ಲಿ ಯಾರ ಫಿನಿಷ್ ಚೆನ್ನ ಎಂಬುದೆಲ್ಲ ಅವನ ತಲೆಯಲ್ಲೇ ಇರುತ್ತಿತ್ತು. ಹೊಸ ಡ್ರಾಯಿಂಗ್ ಮೇಜಿಗೆ ಬಂದರೆ ಫೋನ್ ಎತ್ತಿ ಹೇಳುತ್ತಿದ್ದ. ನಾನು ಕೆಲಸಕ್ಕೆ ಸೇರಿದಾಗ ನನಗೆ ವೆಂಡರ್‌ಗಳನ್ನು ಪರಿಚಯಿಸಿದ್ದು ಯಾವ ಪಟ್ಟಿಯೂ ಅಲ್ಲ, ಪಕ್ಕದ ಕುರ್ಚಿಯ ಹಿರಿಯರು.

ಆ ಹಿರಿಯರೆಲ್ಲ ಈಗ ನಿವೃತ್ತರು, ಕೆಲವರು ತೀರಿಯೂ ಹೋದರು. ಅವರ ತಲೆಯಲ್ಲಿದ್ದದ್ದು ಅವರ ಜೊತೆಗೇ ಹೋಯಿತು. ಈಗ ಆ ಕುರ್ಚಿಯಲ್ಲಿ ಕೂತಿರುವ ಹುಡುಗ ಅಥವಾ ಹುಡುಗಿಗೆ ಇಪ್ಪತ್ತಾರೋ ಇಪ್ಪತ್ತೆಂಟೋ ವಯಸ್ಸು. ಬೇರೆ ರಾಜ್ಯದಿಂದ ಬಂದಿರಬಹುದು, ಎರಡು ಮೂರು ವರ್ಷದಲ್ಲಿ ಬೇರೆ ಕಂಪನಿಗೆ ಹೋಗಲೂಬಹುದು. ಪೀಣ್ಯದ ಯಾವ ಹಂತದ ಯಾವ ಅಡ್ಡರಸ್ತೆಯಲ್ಲಿ ಏನು ನಡೆಯುತ್ತದೆ ಎಂದು ಅವರಿಗೆ ಹೇಳಿಕೊಟ್ಟವರಿಲ್ಲ. ಅವರು ಫೋನಿನಲ್ಲಿ ಹುಡುಕುತ್ತಾರೆ. ಲಿಂಕ್ಡ್‌ಇನ್‌ನಲ್ಲಿ ನೋಡುತ್ತಾರೆ, ಗೂಗಲ್ ಮ್ಯಾಪಿನಲ್ಲಿ ನೋಡುತ್ತಾರೆ, ತಮ್ಮ ಕಾಲೇಜು ಗೆಳೆಯರ ಗುಂಪಿನಲ್ಲಿ ಕೇಳುತ್ತಾರೆ. ಅಲ್ಲೆಲ್ಲೂ ನಿಮ್ಮ ಹೆಸರು ಸಿಗದಿದ್ದರೆ ಅವರ ಮಟ್ಟಿಗೆ ನಿಮ್ಮ ವರ್ಕ್‌ಶಾಪು ಇಲ್ಲವೇ ಇಲ್ಲ. ಮೂವತ್ತು ವರ್ಷ ರಿಜೆಕ್ಷನ್ ಇಲ್ಲದೆ ಮಾಲು ಕೊಟ್ಟ ನಿಮ್ಮ ಹೆಸರನ್ನು ಇಂದಿನ ಖರೀದಿಯವರು ಕೇಳಿಯೇ ಇರುವುದಿಲ್ಲ.

ಹಾಗಾಗಿ ಸೋಷಿಯಲ್ ಮೀಡಿಯಾ ನಮ್ಮಂಥವರಿಗಲ್ಲ, ಬಟ್ಟೆ ಅಂಗಡಿಯವರಿಗೆ, ಬೇಕರಿಯವರಿಗೆ ಎನ್ನುವ ಮಾತನ್ನು ದಯವಿಟ್ಟು ಬಿಡಿ. 2020ರಲ್ಲಿ ಕೇಂದ್ರ ಸರ್ಕಾರ ಬಾಹ್ಯಾಕಾಶ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆದ ಮೇಲೆ ಬೆಂಗಳೂರಿನಲ್ಲಿ ಪಿಕ್ಸೆಲ್, ಬೆಲ್ಲಾಟ್ರಿಕ್ಸ್‌ನಂಥ ಕಂಪನಿಗಳು ಉಪಗ್ರಹ, ಥ್ರಸ್ಟರ್ ಮಾಡುತ್ತಿವೆ. ಡ್ರೋನ್, ವೈದ್ಯಕೀಯ ಉಪಕರಣ, ವಿದ್ಯುತ್ ವಾಹನದ ಹೊಸ ಕಂಪನಿಗಳೂ ಸಾಕಷ್ಟಿವೆ. ಇಂಥ ಹೊಸ ಕಂಪನಿಗಳಿಗೆ ಶುರುವಿನಲ್ಲಿ ಬೇಕಾಗುವುದು ಎರಡು ಪೀಸೋ ಐದು ಪೀಸೋ, ಅದೂ ಹತ್ತು ದಿನದೊಳಗೆ. ದೊಡ್ಡ ವೆಂಡರ್ ಅಷ್ಟು ಚಿಕ್ಕ ಆರ್ಡರಿಗೆ ಮಶೀನ್ ಸೆಟ್ಟಿಂಗ್ ಮುರಿಯುವುದಿಲ್ಲ. ನೀವು ಮುರಿಯುತ್ತೀರಿ. ಆ ಕೆಲಸಕ್ಕೆ ನಿಮಗಿಂತ ತಕ್ಕವರಿಲ್ಲ. ಆದರೆ ಅವರಿಗೂ ನಿಮಗೂ ಮಧ್ಯೆ ಪರಿಚಯ ಮಾಡಿಸುವವರು ಯಾರೂ ಇಲ್ಲ.

ಹಾಗಾದರೆ ಏನು ಹಾಕಬೇಕು? ನಿಮ್ಮಲ್ಲಿ ಕೆಲವರು ಫೇಸ್‌ಬುಕ್ ಪುಟ ಮಾಡಿದ್ದೀರಿ. ಅದರಲ್ಲಿ ‘ಎಲ್ಲ ರೀತಿಯ ಸಿಎನ್‌ಸಿ, ವಿಎಂಸಿ ಕೆಲಸ ಮಾಡಿಕೊಡಲಾಗುತ್ತದೆ’ ಎಂಬ ಸಾಲು, ಆಯುಧಪೂಜೆಯ ದಿನ ಮಶೀನಿಗೆ ಹಾರ ಹಾಕಿದ ಫೋಟೊ. ಪೂಜೆಯ ಫೋಟೊ ಇರಲಿ, ಚೆನ್ನಾಗಿದೆ. ಆದರೆ ‘ಎಲ್ಲ ರೀತಿಯ ಕೆಲಸ’ ಎಂದು ಓದಿದ ಖರೀದಿಯವರಿಗೆ ಏನೂ ತಿಳಿಯುವುದಿಲ್ಲ. ಆ ಕುರ್ಚಿಯಲ್ಲಿ ಕೂತಿದ್ದವನಾಗಿ ಹೇಳುತ್ತಿದ್ದೇನೆ: ಎಲ್ಲವನ್ನೂ ಮಾಡುತ್ತೇನೆ ಎಂದವರಿಗೆ ನಾನು ಡ್ರಾಯಿಂಗ್ ಕೊಟ್ಟದ್ದು ಅಪರೂಪ. ಇದೊಂದನ್ನು ಚೆನ್ನಾಗಿ ಮಾಡುತ್ತೇನೆ ಎಂದವರ ಶೆಡ್ಡಿಗೆ ನಾನೇ ಹೋಗಿದ್ದೇನೆ.

ಹೀಗೆ ಬರೆದು ನೋಡಿ: ‘ವಿಎಂಸಿ, ಟ್ರಾವೆಲ್ 800 × 500 × 500 ಮಿ.ಮೀ. ಅಲ್ಯೂಮಿನಿಯಂ 6061, ಇಎನ್-8, ಎಸ್‌ಎಸ್ 304 ಮಾಡುತ್ತೇವೆ. 20 ಮೈಕ್ರಾನ್ ಒಳಗೆ ಹಿಡಿಯುತ್ತೇವೆ. ಸೋಮವಾರದಿಂದ ರಾತ್ರಿ ಪಾಳಿ ಖಾಲಿ ಇದೆ. ಪೀಣ್ಯ 3ನೇ ಹಂತ.’ ಇಷ್ಟರಲ್ಲಿ ಒಬ್ಬ ಖರೀದಿಯವನು ತಿಳಿಯಬೇಕಾದದ್ದೆಲ್ಲ ಇದೆ. ಕೇಳುವಾಗಲೂ ಅಷ್ಟೇ. ‘ಗ್ರೈಂಡಿಂಗ್ ಯಾರಲ್ಲಿದೆ’ ಎಂದು ಕೇಳಿದರೆ ಹತ್ತು ಜನ ಫೋನ್ ಮಾಡಿ ಹತ್ತು ಪ್ರಶ್ನೆ ಕೇಳುತ್ತಾರೆ, ಇಲ್ಲವೇ ಯಾರೂ ಮಾಡುವುದಿಲ್ಲ. ‘ಇಎನ್-24 ಶಾಫ್ಟ್, ವ್ಯಾಸ 40, ಉದ್ದ 600 ಮಿ.ಮೀ., 50 ಪೀಸ್, ಹಾರ್ಡನಿಂಗ್ ನಂತರ ಸಿಲಿಂಡ್ರಿಕಲ್ ಗ್ರೈಂಡಿಂಗ್, ಈ ತಿಂಗಳ ಕೊನೆಯೊಳಗೆ ಬೇಕು’ ಎಂದು ಬರೆದರೆ ಮಾಡಬಲ್ಲವರು ಮಾತ್ರ ಉತ್ತರಿಸುತ್ತಾರೆ. ವಾಟ್ಸ್‌ಆ್ಯಪ್ ಬಿಸಿನೆಸ್ 2018ರಿಂದ ಇದೆ, ಪುಕ್ಕಟೆ. ಅದರ ಕ್ಯಾಟಲಾಗಿನಲ್ಲಿ ಈ ವಿವರಗಳನ್ನು ಒಮ್ಮೆ ಹಾಕಿಟ್ಟರೆ ಯಾರು ಕೇಳಿದರೂ ಕಳಿಸಲು ಸುಲಭ. ಗೂಗಲ್ ಮ್ಯಾಪಿನಲ್ಲಿ ಶೆಡ್ಡಿನ ಗೇಟಿನ ಜಾಗವನ್ನೇ ಸರಿಯಾಗಿ ಗುರುತು ಮಾಡಿ. ಪೀಣ್ಯದ ಅಡ್ಡರಸ್ತೆಗಳಲ್ಲಿ ವಿಳಾಸ ಸಿಗದೆ ಸುತ್ತಾಡುವ ಇನ್‌ಸ್ಪೆಕ್ಟರ್‌ಗಳ ಶಾಪ ನಿಮಗೆ ಬೇಡ.

ಲಿಂಕ್ಡ್‌ಇನ್ ವಿಷಯ ಸ್ವಲ್ಪ ಬೇರೆ. ಅಲ್ಲಿ ಎಂಜಿನಿಯರ್‌ಗಳು, ಪ್ಲಾಂಟ್ ಮುಖ್ಯಸ್ಥರು, ಡಿಸೈನ್ ಮಾಡುವವರು ಇರುತ್ತಾರೆ. ಅವರನ್ನು ಸೆಳೆಯುವುದು ನೀವು ಬಿಡಿಸಿದ ಕಗ್ಗಂಟು. ತೆಳು ಗೋಡೆಯ ಅಲ್ಯೂಮಿನಿಯಂ ರಿಂಗನ್ನು ಚಕ್ಕಿನಲ್ಲಿ ಬಿಗಿದಾಗ ದುಂಡಗೆ ಇರುತ್ತದೆ, ಬಿಡಿಸಿ ತೆಗೆದ ಕೂಡಲೇ ಸೊಟ್ಟಗಾಗುತ್ತದೆ. ನೀವು ಏನು ಮಾಡಿದಿರಿ? ಸಾಫ್ಟ್ ಜಾಗಳನ್ನು ರಿಂಗಿನ ವ್ಯಾಸಕ್ಕೇ ಬೋರ್ ಮಾಡಿ ಹಿಡಿದಿರಾ? ಫಿನಿಷ್ ಕಟ್‌ಗೆ ಮೊದಲು ಬಿಗಿತ ಸಡಿಲಿಸಿ ಮತ್ತೆ ಹಿಡಿದಿರಾ? ಅದನ್ನು ನಾಲ್ಕು ಸಾಲಿನಲ್ಲಿ ಬರೆದು, ಪೀಸಿನ ಪಕ್ಕ ಮೈಕ್ರೋಮೀಟರ್ ಇಟ್ಟ ಒಂದು ಫೋಟೊ ಹಾಕಿ. ಅದೇ ತೊಂದರೆಯಲ್ಲಿ ಸಿಕ್ಕಿಕೊಂಡ ಎಂಜಿನಿಯರ್ ಒಬ್ಬ ಅದನ್ನು ಓದಿದರೆ ನಿಮಗೆ ಬರೆಯದೆ ಇರಲಾರ. ಖರೀದಿ ವಿಭಾಗದಲ್ಲಿ ನನಗೆ ಬಂದ ಬಣ್ಣದ ಬ್ರೋಷರ್‌ಗಳು ಒಂದೂ ನೆನಪಿಲ್ಲ. ಕಷ್ಟದ ಪೀಸನ್ನು ಕೈಯಲ್ಲಿ ಹಿಡಿದು, ಇದನ್ನು ಹೇಗೆ ಮಾಡಿದೆ ಗೊತ್ತಾ ಸಾರ್ ಎಂದು ವಿವರಿಸಿದವರ ಮುಖಗಳು ಇನ್ನೂ ನೆನಪಿವೆ.

ಇಂಗ್ಲಿಷ್ ಬಾರದು ಎಂಬ ಅಳುಕು ನಿಮ್ಮಲ್ಲಿ ಅನೇಕರಿಗಿದೆ. ನನಗೆ ಅದು ಗೊತ್ತು, ಅದಕ್ಕೇ ಗಟ್ಟಿಯಾಗಿ ಹೇಳುತ್ತೇನೆ. ಮಶೀನಿನ ಹೆಸರು, ಅಳತೆ, ಮೆಟೀರಿಯಲ್ ಗ್ರೇಡ್ ಯಾವ ಭಾಷೆಯಲ್ಲಿ ಬರೆದರೂ ಒಂದೇ. ಉಳಿದ ಮಾತನ್ನು ಕನ್ನಡದಲ್ಲೇ ಬರೆಯಿರಿ, ಇಲ್ಲವೇ ಕನ್ನಡದಲ್ಲೇ ಮಾತಾಡಿ ಅರ್ಧ ನಿಮಿಷದ ವಿಡಿಯೊ ಹಾಕಿ. ಕರ್ನಾಟಕದ ಕಾರ್ಖಾನೆಗಳಲ್ಲಿ ಕನ್ನಡ ಓದುವ ಎಂಜಿನಿಯರ್‌ಗಳಿಗೆ ಬರವಿಲ್ಲ. ಹೊರರಾಜ್ಯದವರಿಗೆ ಬೇಕಾದ ಇಂಗ್ಲಿಷ್ ಸಾಲನ್ನು ಡಿಪ್ಲೊಮಾ ಓದುತ್ತಿರುವ ನಿಮ್ಮ ಮಗನೋ ಮಗಳೋ ಬರೆದುಕೊಡುತ್ತಾರೆ. ಈ ನೆಪದಲ್ಲಾದರೂ ಮಕ್ಕಳು ಶೆಡ್ಡಿಗೆ ಬರಲಿ. ಅಪ್ಪ ಎಣ್ಣೆಬಟ್ಟೆಯಲ್ಲಿ ಏನು ಮಾಡುತ್ತಾನೆ ಎಂಬುದು ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ.

ಈಗ ನಿಮ್ಮ ನಿಜವಾದ ಭಯಕ್ಕೆ ಬರುತ್ತೇನೆ. ಇದನ್ನು ಹೇಳದೆ ಉಳಿದ ಮಾತೆಲ್ಲ ವ್ಯರ್ಥ. ನಿಮ್ಮಲ್ಲಿ ಹೆಚ್ಚಿನವರು ಗುಂಪಿನಲ್ಲಿ ಬಾಯಿ ಬಿಡದಿರುವುದು ಸಂಕೋಚದಿಂದಲ್ಲ. ‘ನನ್ನ ಪಾರ್ಟಿ ಯಾರು ಅಂತ ತಿಳಿದರೆ ಪಕ್ಕದ ಶೆಡ್ಡಿನವನು ಎರಡು ರೂಪಾಯಿ ಕಡಿಮೆಗೆ ಹೊಡೆದುಕೊಂಡು ಹೋಗ್ತಾನೆ’ – ಇದು ಭಯ. ಹಾಗೆ ಆಗಿಯೂ ಇದೆ, ನಾನು ಅಲ್ಲಗಳೆಯುವುದಿಲ್ಲ. ಖರೀದಿಯವರೇ ಒಬ್ಬರ ರೇಟನ್ನು ಇನ್ನೊಬ್ಬರಿಗೆ ತೋರಿಸಿ ಇಬ್ಬರನ್ನೂ ಇಳಿಸುವ ಕಂಪನಿಗಳಿವೆ.

ಆದರೆ ನಿಮ್ಮ ಕೆಲಸವನ್ನೇ ಒಮ್ಮೆ ನೋಡಿ. ಒಂದು ಪೀಸನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಶೆಡ್ಡಿನಲ್ಲಿ ಮುಗಿಸುವವರು ನಿಮ್ಮಲ್ಲಿ ಎಷ್ಟು ಮಂದಿ? ಬಾರ್ ಕತ್ತರಿಸುವುದು ಒಂದು ಕಡೆ, ಟರ್ನಿಂಗ್ ನಿಮ್ಮಲ್ಲಿ, ಕೀವೇ ಇನ್ನೊಬ್ಬರಲ್ಲಿ, ಹೀಟ್ ಟ್ರೀಟ್‌ಮೆಂಟ್ ಮತ್ತೊಂದು ರಸ್ತೆಯಲ್ಲಿ, ಗ್ರೈಂಡಿಂಗ್ ಆಮೇಲೆ, ಪ್ಲೇಟಿಂಗ್ ಕೊನೆಗೆ. ಆಟೊದ ಹಿಂಬದಿಯಲ್ಲಿ ಟ್ರೇ ಇಟ್ಟುಕೊಂಡು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಮಾಲು ಓಡಾಡುವುದು ಪೀಣ್ಯದ ದಿನದ ನೋಟ. ಇಡೀ ಪ್ರದೇಶವೇ ಒಂದು ಕಾರ್ಖಾನೆ, ನಿಮ್ಮ ಶೆಡ್ಡು ಅದರ ಒಂದು ಸೆಕ್ಷನ್. ಈಗಾಗಲೇ ನೀವು ಪಕ್ಕದವರನ್ನು ನಂಬಿಯೇ ಬದುಕುತ್ತಿದ್ದೀರಿ. ಆ ನಂಬಿಕೆಗೆ ಗೊತ್ತಿರುವ ಮೂರು ನಾಲ್ಕು ಶೆಡ್ಡುಗಳ ಎಲ್ಲೆ ಹಾಕಿಕೊಂಡಿದ್ದೀರಿ, ಅಷ್ಟೇ. ಆ ಎಲ್ಲೆಯನ್ನು ಸ್ವಲ್ಪ ಹಿಗ್ಗಿಸಿ ಎಂದು ಕೇಳುತ್ತಿದ್ದೇನೆ.

ಇನ್ನು, ಪಾರ್ಟಿ ಕೈತಪ್ಪುವುದು ಗುಂಪಿನಲ್ಲಿ ಮಾತಾಡಿದ್ದರಿಂದ ಎಂದು ನೀವು ತಿಳಿದಿದ್ದೀರಿ. ಖರೀದಿಯಲ್ಲಿ ಕೂತಿದ್ದ ನಾನು ಕಂಡದ್ದು ಬೇರೆ. ಪಾರ್ಟಿ ಕೈತಪ್ಪುವುದು ಹೆಚ್ಚಾಗಿ ಡೆಲಿವರಿ ತಪ್ಪಿದಾಗ. ನಿಮ್ಮ ಕೈತುಂಬ ಕೆಲಸ ಇರುತ್ತದೆ, ಹೊಸದನ್ನು ಬಿಡಲು ಮನಸ್ಸಿಲ್ಲದೆ ಹೂಂ ಎನ್ನುತ್ತೀರಿ, ಎರಡು ವಾರ ತಡವಾಗುತ್ತದೆ, ಫೋನ್ ಎತ್ತುವುದಿಲ್ಲ. ಫೋನ್ ಎತ್ತದ ವೆಂಡರ್‌ನನ್ನು ಕ್ಷಮಿಸುವುದು ಖರೀದಿಯವರಿಗೆ ಬಲು ಕಷ್ಟ, ಏಕೆಂದರೆ ಅವರ ಅಸೆಂಬ್ಲಿ ಲೈನು ನಿಂತಿರುತ್ತದೆ. ಅದೇ, ‘ಈ ವಾರ ನನ್ನಿಂದ ಆಗದು, ಆದರೆ ಇಂಥವರ ಮಶೀನು ಖಾಲಿ ಇದೆ, ಪೀಸು ನಾನೇ ನೋಡಿ ಕಳಿಸುತ್ತೇನೆ’ ಎಂದ ಮಾಲೀಕರನ್ನು ನಾವು ಎಂದೂ ಕೈಬಿಟ್ಟಿಲ್ಲ. ಅವರಿಗೆ ಇನ್ನೂ ದೊಡ್ಡ ಕೆಲಸ ಕೊಟ್ಟಿದ್ದೇವೆ. ಇಂಥವರ ಮಶೀನು ಖಾಲಿ ಇದೆ ಎಂದು ಅವರಿಗೆ ತಿಳಿಯಬೇಕಲ್ಲ, ಗುಂಪು ಇರುವುದು ಅದಕ್ಕೆ.

ಹೀಗೆ ಕೆಲಸ ದಾಟಿಸುವಾಗ ಮಾತು ಬರಹದಲ್ಲಿರಲಿ: ಪೀಸ್ ಎಷ್ಟು, ರೇಟು ಎಷ್ಟು, ಮೆಟೀರಿಯಲ್ ಯಾರದ್ದು, ರಿಜೆಕ್ಷನ್ ಆದರೆ ನಷ್ಟ ಯಾರಿಗೆ, ಹಣ ಯಾವಾಗ, ಪಾರ್ಟಿಯನ್ನು ನೇರವಾಗಿ ಸಂಪರ್ಕಿಸಬಾರದು ಎಂಬ ಒಪ್ಪಂದ. ಒಂದು ವಾಟ್ಸ್‌ಆ್ಯಪ್ ಸಂದೇಶ ಸಾಕು, ಆ ಕಡೆಯವರು ‘ಒಪ್ಪಿದೆ’ ಎಂದು ಬರೆದರೆ ಸಾಕು. ನಮ್ಮಲ್ಲಿ ಸ್ನೇಹಕ್ಕೆ ಲೆಕ್ಕ ಬರೆಯುವುದು ಮುಜುಗರ ಎಂದುಕೊಳ್ಳುತ್ತೇವೆ. ಬರೆಯದ ಲೆಕ್ಕದಿಂದ ಮುರಿದ ಸ್ನೇಹಗಳೇ ಹೆಚ್ಚು. ಆದರೆ ಗುಂಪಿನಲ್ಲಿ ಎಲ್ಲರೂ ಸೇರಿ, ಇಷ್ಟಕ್ಕಿಂತ ಕಡಿಮೆ ರೇಟಿಗೆ ಯಾರೂ ಮಾಡಬಾರದು ಎಂದು ಕಟ್ಟು ಮಾಡಲು ಮಾತ್ರ ಹೋಗಬೇಡಿ. 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ಅದು ಕಾನೂನುಬಾಹಿರ ಕೂಟವೆನಿಸುತ್ತದೆ.

ಫೋಟೊ ಹಾಕುವ ಉತ್ಸಾಹದಲ್ಲಿ ಒಂದು ಎಚ್ಚರ ತಪ್ಪದಿರಲಿ. ಗಿರಾಕಿಯ ಡ್ರಾಯಿಂಗನ್ನು ಗುಂಪಿನಲ್ಲಿ ಹಾಕಬೇಡಿ, ಅದರ ಒಂದು ಮೂಲೆಯನ್ನೂ ಹಾಕಬೇಡಿ. ಪೀಸಿನ ಮೇಲೆ ಕೊರೆದ ಪಾರ್ಟ್ ನಂಬರ್, ಹಿಂದಿನ ಮೇಜಿನ ಮೇಲೆ ಬಿದ್ದಿರುವ ಚಲನ್, ಗೋಡೆಯ ಬೋರ್ಡಿನಲ್ಲಿ ಬರೆದ ಕಂಪನಿಯ ಹೆಸರು, ಇವೂ ಫೋಟೊದಲ್ಲಿ ಬರುತ್ತವೆ. ರಕ್ಷಣಾ ಇಲಾಖೆಗೆ ಸೇರಿದ ಕೆಲಸವಾದರೆ ಫೋಟೊವೇ ಬೇಡ. ಬೇರೆ ಕೆಲಸಕ್ಕೂ ಗಿರಾಕಿಯನ್ನು ಒಂದು ಮಾತು ಕೇಳಿ ಹಾಕಿ. ಕೇಳಿ ಹಾಕುವವರು ಎಂಬ ಒಳ್ಳೆಯ ಹೆಸರೂ ಉಳಿಯುತ್ತದೆ. ಅನುಮತಿ ಸಿಗದಿದ್ದರೆ ಉಳಿಕೆ ತುಂಡಿನಲ್ಲಿ ನಿಮ್ಮದೇ ಒಂದು ಸ್ಯಾಂಪಲ್ ಮಾಡಿ ತೋರಿಸಿ.

ಮೋಸದ ಬಗ್ಗೆಯೂ ಹೇಳಲೇಬೇಕು. ಹೊರಗೆ ಕಾಣಿಸಿಕೊಂಡ ಮೇಲೆ ಒಳ್ಳೆಯವರ ಜೊತೆ ಕಳ್ಳರೂ ಬರುತ್ತಾರೆ. ದೊಡ್ಡ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಲಕ್ಷಗಟ್ಟಲೆಯ ಆರ್ಡರ್ ಬರುತ್ತದೆ, ಕೆಳಗೆ ‘ವೆಂಡರ್ ನೋಂದಣಿ ಶುಲ್ಕ ಈ ಖಾತೆಗೆ ಹಾಕಿ’ ಎಂದಿರುತ್ತದೆ. ವಾಟ್ಸ್‌ಆ್ಯಪಿನಲ್ಲಿ ಹೀಗೆ ಶುಲ್ಕ ಕೇಳುವ ಆರ್ಡರು ಮೋಸವೆಂದೇ ತಿಳಿಯಿರಿ. ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎಂದರೆ ಅಲ್ಲೇ ನಿಲ್ಲಿಸಿ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ. ಹೊಸ ಪಾರ್ಟಿಯ ಜಿಎಸ್‌ಟಿ ಸಂಖ್ಯೆ ಕೇಳಿ, ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿ ನೋಡಿ. ಹದಿನೈದು ಅಕ್ಷರ ಇರಬೇಕು, ಕರ್ನಾಟಕದ್ದಾದರೆ 29ರಿಂದ ಶುರುವಾಗಬೇಕು, ನಂತರದ ಹತ್ತು ಅವರ ಪ್ಯಾನ್. ಹೆಸರು, ವಿಳಾಸ ತಾಳೆಯಾಗುತ್ತದೆಯೇ ನೋಡಿ, ಸಾಧ್ಯವಾದರೆ ಹೋಗಿ ಬನ್ನಿ. ಹಣ ಹೋಗಿಬಿಟ್ಟರೆ ನಾಚಿಕೊಂಡು ಸುಮ್ಮನಿರದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಆಮೇಲೆ ಅದೇ ಮೋಸದ ಸಂದೇಶವನ್ನು ಗುಂಪಿನಲ್ಲಿ ಹಾಕಿ, ಇನ್ನೊಬ್ಬರು ಉಳಿಯುತ್ತಾರೆ.

ಬಾಕಿ ಹಣದ ಸಂಕಟ ನನಗೆ ಚೆನ್ನಾಗಿ ಗೊತ್ತು. ನಾನು ಮೇಜಿನ ಆ ಕಡೆ ಇದ್ದಾಗ ನಿಮಗೆ ‘ಮುಂದಿನ ವಾರ’ ಎಂದು ಹೇಳಿ ಕಳಿಸಿದ್ದು ನೆನಪಿದೆ. ಸಿಟ್ಟಿನಲ್ಲಿ ಗುಂಪಿನಲ್ಲೋ ಫೇಸ್‌ಬುಕ್‌ನಲ್ಲೋ ಕಂಪನಿಯ ಹೆಸರು ಹಾಕಿ ಬೈದರೆ ಮಾನನಷ್ಟದ ನೋಟಿಸು ನಿಮಗೇ ಬರಬಹುದು, ಹಣ ಮಾತ್ರ ಬರುವುದಿಲ್ಲ. ಕಾನೂನಿನ ದಾರಿ ಇದೆ, ಅದನ್ನು ಗುಂಪಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಡಿ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಒಪ್ಪಂದ ಏನೇ ಇರಲಿ, ಸೂಕ್ಷ್ಮ ಮತ್ತು ಸಣ್ಣ ಉದ್ಯಮದ ಹಣವನ್ನು 45 ದಿನದೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿಯ ಲೆಕ್ಕದಲ್ಲಿ ಸೇರಿಸಿ ಕೊಡಬೇಕು. ಅದಕ್ಕೆ ಉದ್ಯಮ್ ನೋಂದಣಿ ಇರಬೇಕು; ಸರ್ಕಾರಿ ಪೋರ್ಟಲಿನಲ್ಲಿ ಅದಕ್ಕೆ ಒಂದು ಪೈಸೆಯ ಶುಲ್ಕವೂ ಇಲ್ಲ. ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಮಾಡಿಸಿ. ಇಷ್ಟು ಸಂಗತಿ ತಿಳಿಯದೆ ಎಷ್ಟು ಮಂದಿ ಮಶೀನು ಮಾರಿ ಹೋದರು.

ಮಹಿಳಾ ಮಾಲೀಕರಿಗೆ ಪ್ರತ್ಯೇಕವಾಗಿ ಎರಡು ಮಾತು. ಅವೇಕ್ ಸಂಸ್ಥೆ 1983ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗಿನಿಂದ ಮಹಿಳೆಯರು ಉದ್ಯಮಕ್ಕೆ ಬರಲು ದಾರಿ ತೆರೆದಿದೆ. ಆದರೂ ನಂಬರ್ ಹೊರಗೆ ಹಾಕಿದ ಕೂಡಲೇ ರಾತ್ರಿ ಹತ್ತಕ್ಕೆ ಬರುವ ಬೇಡದ ಸಂದೇಶಗಳ ಕಾರಣಕ್ಕೆ ಹಿಂದೆ ಸರಿದವರನ್ನು ನಾನು ಬಲ್ಲೆ. ವ್ಯವಹಾರಕ್ಕೆ ಬೇರೆ ಸಿಮ್ ಇಟ್ಟುಕೊಳ್ಳಿ, ಕೆಲಸದ ಸಮಯ ಬರೆದು ಹಾಕಿ. ಗುಂಪಿನ ಅಡ್ಮಿನ್‌ಗಳಿಗೆ ನನ್ನ ಮನವಿ: ಅಂಥ ಸಂದೇಶ ಕಳಿಸಿದವರನ್ನು ಎರಡನೆಯ ಮಾತಿಲ್ಲದೆ ಹೊರಹಾಕಿ. ಅಡ್ಮಿನ್ ಆಗುವುದು ಮರ್ಯಾದೆಯ ಪದವಿ, ಅದಕ್ಕೆ ಕೆಲಸವೂ ಇದೆ. ಶುಭಾಶಯಗಳಿಗೆ ಬೇರೆ ಗುಂಪು ಮಾಡಿ, ಕೆಲಸದ ಗುಂಪಿನಲ್ಲಿ ಕೆಲಸವಷ್ಟೇ ಇರಲಿ.

ಪರದೆಯ ಮೇಲಿನ ಪರಿಚಯ ಅರ್ಧ ಪರಿಚಯ. ಸಣ್ಣ ಕೈಗಾರಿಕೆಗಳ ರಾಜ್ಯಮಟ್ಟದ ಸಂಘ ಕಾಸಿಯಾ 1949ರಿಂದ ಇದೆ, ನಿಮ್ಮ ನಿಮ್ಮ ಪ್ರದೇಶದ ಸಂಘಗಳಿವೆ, ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಮಶೀನುಗಳ ಇಮ್‌ಟೆಕ್ಸ್ ಮೇಳ ನಡೆಯುತ್ತದೆ. ಗುಂಪಿನಲ್ಲಿ ಕಂಡ ಹೆಸರನ್ನು ಅಲ್ಲಿ ಮುಖತಃ ಭೇಟಿಯಾಗಿ, ಅವರ ಶೆಡ್ಡಿಗೊಮ್ಮೆ ಹೋಗಿ ಮಶೀನು ನೋಡಿ, ಕಾಫಿ ಕುಡಿದು ಬನ್ನಿ. ಆಮೇಲೆ ನೀವು ದಾಟಿಸುವ ಕೆಲಸಕ್ಕೆ ಧೈರ್ಯ ಬರುತ್ತದೆ.

ನಿಮ್ಮಲ್ಲಿ ಒಂದು ಬೇಡಿಕೆ ಇಟ್ಟು ಪತ್ರ ಮುಗಿಸುತ್ತೇನೆ. ಈ ಶನಿವಾರ ಮಶೀನು ನಿಲ್ಲಿಸಿದ ಮೇಲೆ ಹತ್ತು ನಿಮಿಷ ಕೂತು ನಿಮ್ಮ ಗುಂಪಿಗೆ ಒಂದು ಸಂದೇಶ ಬರೆಯಿರಿ. ನಿಮ್ಮ ಮಶೀನು ಯಾವುದು, ಎಷ್ಟು ಅಳತೆಯ ಪೀಸು ಹಿಡಿಯುತ್ತದೆ, ಯಾವ ಮೆಟೀರಿಯಲ್ ಮಾಡುತ್ತೀರಿ, ಎಂದಿನಿಂದ ಖಾಲಿ ಇದೆ, ಇಷ್ಟು. ಅದರ ಕೆಳಗೆ, ನಿಮ್ಮಿಂದಾಗದ ಒಂದು ಕೆಲಸವನ್ನು ನಿಮಗಿಂತ ಚೆನ್ನಾಗಿ ಮಾಡುವ ಇನ್ನೊಂದು ಶೆಡ್ಡಿನ ಹೆಸರನ್ನು, ಅವರನ್ನು ಕೇಳಿ, ಸೇರಿಸಿ.

ಇಂತಿ ನಿಮ್ಮವನು,
ಖರೀದಿ ವಿಭಾಗದ ಒಬ್ಬ ಹಳೆಯ ನೌಕರ